ಗಲ್ಲು ಶಿಕ್ಷೆ ಆದಮೇಲೆ ವಯಸ್ಸಿನ ಪ್ರಶ್ನೆ

ವಿಚಾರಣೆಯಲ್ಲಿ ಎತ್ತದ ಅಂಶವನ್ನ ಮೇಲ್ಮನವಿಯಲ್ಲಿ ಹೊಸದಾಗಿ ತಂದ್ರೆ ನ್ಯಾಯಾಧೀಶರು ಸಾಮಾನ್ಯವಾಗಿ ಕೇಳೋದು, ಇಷ್ಟು ದಿನ ಎಲ್ಲಿದ್ರಿ ಅಂತ. ಆದರೆ ಅಪರಾಧದ ವೇಳೆ ನಾನಿನ್ನೂ ಬಾಲಕ ಅನ್ನೋ ವಾದಕ್ಕೆ ಗಡುವಿಲ್ಲ. ಪ್ರಕರಣ ಪೂರ್ತಿ ಇತ್ಯರ್ಥವಾದ ಮೇಲೂ ಎತ್ತಬಹುದು ಅಂತ 2006ರ ತಿದ್ದುಪಡಿಯೇ ಹೇಳಿತು.

1994ರಲ್ಲಿ ಪುಣೆಯ ಒಂದು ಮನೆಯಲ್ಲಿ ಐವರು ಹೆಂಗಸರು, ಇಬ್ಬರು ಮಕ್ಕಳ ಕೊಲೆಯಾಯ್ತು. 2000ದಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆ ಕಾಯಂ ಮಾಡಿತು. ಮರುಪರಿಶೀಲನಾ ಅರ್ಜಿಯೂ ವಜಾ. ಅಪರಾಧಿಯೊಬ್ಬ ವಯಸ್ಸಿನ ವಾದ ಎತ್ತಿದ್ದು 2018ರಲ್ಲಿ! ರಾಜಸ್ಥಾನದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರೇ ಸ್ವಲ್ಪ ಬೇರೆ. ಜನ್ಮದಿನ 1982ರ ಫೆಬ್ರವರಿ 1. ಅಂದ್ರೆ ಕೊಲೆ ನಡೆದಾಗ ಹನ್ನೆರಡೂವರೆ ವರ್ಷ. ಸತ್ತವರ ಮನೆಯವರಿಗೆ ಇದನ್ನ ಹೇಗೆ ಹೇಳೋದೋ, ನನಗಂತೂ ತಿಳಿಯದು. ಬಾಲಕನಿಗೆ ಕಾನೂನಿನಲ್ಲಿರೋ ಗರಿಷ್ಠ ಅವಧಿ ಮೂರು ವರ್ಷ. 2023ರ ಮಾರ್ಚ್‌ನಲ್ಲಿ ಬಿಡುಗಡೆಯ ಆದೇಶ ಬಂದಾಗ ಅವನು 28 ವರ್ಷ ಜೈಲಲ್ಲಿ ಕಳೆದಿದ್ದ.