ಚರಗದ ಎಡಿ, ಕಡ್ಲಿ ಕೀಡಿ, ಹಕ್ಕಿ

ಎಳ್ಳ ಅಮಾವಾಸಿ ಇನ್ನ ಎಂಟ ದಿನ ಐತಿ. ಮರೋಳ ಸೀಮಿ ಎರಿ ಹೊಲದಾಗ ಕಡ್ಲಿ ಹೂ ಬಿಟ್ಟು ಕಾಯಿ ಕಟ್ಟಾಕತ್ತೈತಿ, ಕೀಡಿನೂ ಬಂದೈತಿ. ಮೊನ್ನೆ ಇಬ್ಬರು ಹುಡುಗರು ಫೋನ್ ಮಾಡಿ, "ಕಾಕಾ, ಎಣ್ಣಿ ಚರಗಕ್ಕಿಂತ ಮೊದಲ ಹೊಡ್ಯೂದೋ, ಆಮ್ಯಾಲೋ?" ಅಂತ ಕೇಳಿದರು. ಉತ್ತರ ಕೊಡಬೇಕಂದ್ರ ಸ್ವಲ್ಪ ಹಿಂದಿನದು ಹೇಳಬೇಕು.

ನಾನು ಸಣ್ಣಾಂವ ಇದ್ದಾಗ ಹಿಂಗಾರಿಗೆ ಹೊಲ ತುಂಬ ಬಿಳಿಜ್ವಾಳ, ಅಂಚಿಗೆ ಕುಸುಬಿ, ನಡುವ ಅಲ್ಲಲ್ಲಿ ಕಡ್ಲಿ ಸಾಲು. ಅಮಾವಾಸಿ ದಿನ ಬಂಡಿ ಕಟ್ಟಿಕೊಂಡು ಹೋಗಿ, ಬನ್ನಿ ಗಿಡದ ಬುಡಕ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜಿ ಮಾಡಿ, ಹೋಳಿಗಿ, ಕಡಬು, ಸಜ್ಜಿ ರೊಟ್ಟಿ, ಪಲ್ಲೆ, ಅನ್ನ ಎಲ್ಲಾ ಕಲಿಸಿ ಅಪ್ಪ ಮುಂದ ಚೆಲ್ಲತಿದ್ದ, ಹಿಂದ ಒಬ್ಬರು ನೀರು ಹಾಕುತ್ತ ಹೋಗತಿದ್ದರು. ಹಿರೇರು ಇದನ್ನ ಹಕ್ಕಿ ಕರಿಯಾಕಂತನ ಮಾಡಿದರು ಅಂತ ನಾನು ಹೇಳೂದಿಲ್ಲ. ಬಸರಿ ಭೂಮಿತಾಯಿಗೆ ಬಯಕಿ ಊಟ ಅಂತ ಮಾಡತಿದ್ದರು. ಆದರ ಉಣ್ಣಾಕ ಬರತಿದ್ದವು ಹಕ್ಕಿ, ಅದೂ ಕಡ್ಲಿಗೆ ಕೀಡಿ ಬೀಳೂ ಹೊತ್ತಿಗೇ.

ಅವು ಬರೂ ರೀತಿನೂ ನೋಡುವಂಥದ್ದು. ಮೊದಲ ಕಾಗಿ ದೂರ ಕುಂತು ಮಂದಿ ಹೋಗೂದನ್ನ ಕಾಯತಾವು. ಒಂದು ಇಳೀತಂದ್ರ ಉಳಿದವು ಇಳೀತಾವು. ಆಮ್ಯಾಲ ಗೊರವಂಕ. ಅವು ಕುಪ್ಪಳಿಸೂದಿಲ್ಲ, ಸಾಲಿನಾಗ ನಡಕೊಂತ ಹೋಗತಾವು, ಅಗಳು ಮುಗದ ಮ್ಯಾಲೂ ಗಿಡದಾಗ ಕೊಕ್ಕು ಹಾಕತಾವು. ಕಾಜಾಣ ಅಗಳು ಮುಟ್ಟೂದಿಲ್ಲ. ಎತ್ತರದಾಗ ಕುಂತು ಹುಳ ಕಂಡಲ್ಲಿ ಹಾರಿ ಹಿಡೀತೈತಿ. ಅದಕ್ಕ ಊಟಕ್ಕಿಂತ ಕುಂಡ್ರಾಕ ಜಾಗ ಬೇಕು.

ಅದೇ ಹಿರೇರು ಜ್ವಾಳ ಹಾಲುದೆನಿ ಆದಾಗ ಅಟ್ಟ ಹತ್ತಿ ಕವಣಿ ಬೀಸಿ ಗುಬ್ಬಿ, ಗಿಳಿ ಓಡಸತಿದ್ದರು. ಇದರಾಗ ತಪ್ಪೇನಿಲ್ಲ, ಆಗ ಅವು ತಿನ್ನೂದು ಕಾಳು.

ಮುಂದ ಜ್ವಾಳ ಕಮ್ಮಿ ಆತು, ಹೊಲ ತುಂಬ ಬರೇ ಕಡ್ಲಿ, ತೊಗರಿ. ಕಡ್ಲಿ ಮೊಣಕಾಲೆತ್ತರ, ಕಾಜಾಣ ಎಲ್ಲಿ ಕುಂಡ್ರಬೇಕು? 1997-98ರಾಗ ಕಲಬುರಗಿ ಕಡೆ ತೊಗರಿಗೆ ಕಾಯಿಕೊರಕ ಬಿದ್ದಾಗ ಎಷ್ಟು ಎಣ್ಣಿ ಹೊಡದರೂ ಜಗ್ಗಲಿಲ್ಲ. ಕಡೀಕ ಮಂದಿ ಗಿಡ ಅಲಗಾಡಿಸಿ ಕೀಡಿ ಉದುರಿಸಿ ಆರಿಸಿದರು. ಈಗ ಕೃಷಿ ಇಲಾಖೆಯವರು ಎಕರೆಗೆ ಇಪ್ಪತ್ತು ಕವಲಿನ ಕೋಲು ನಡ್ರಿ, ಬೀಜದ ಜೋಡಿ ಒಂದಿಷ್ಟು ಜ್ವಾಳ ಬೆರಸ್ರಿ, ಹೊಲದಾಗ ಚುರಮುರಿ ಚೆಲ್ಲರಿ ಅಂತಾರ. ಕೇಳಿ ನಮ್ಮವ್ವ ನಕ್ಕಳು: "ಹೋಳಿಗಿ ಬಿಟ್ಟು ಚುರಮುರಿಗೆ ಬಂದ್ರೇನು?"

ನನ್ನ ತಪ್ಪೂ ಹೇಳತೀನಿ. ಒಂದು ವರ್ಷ ಅಮಾವಾಸಿಗೆ ಎರಡು ದಿನ ಮೊದಲ, ಅಂಗಡಿಯವ ಕೊಟ್ಟ ಖಡಕ್ ಎಣ್ಣಿ ಹೊಡದೆ. ಚರಗ ಚೆಲ್ಲಿದ ಮರುದಿನ ಬನ್ನಿ ಗಿಡದ ಸುತ್ತ ಆರು ಗೊರವಂಕ ಸತ್ತು ಬಿದ್ದಿದ್ದವು. ಎಡಿ ಹಾಕಿ ಕರದಾಂವ ನಾನು, ವಿಷದ ಕೀಡಿ ತಿನಿಸಿದಾಂವನೂ ನಾನು. ಅರ್ಜೆಂಟೀನಾದಾಗ 1995-96ರಾಗ ಮಿಡತಿಗೆ ಮೊನೊಕ್ರೊಟೊಫಾಸ್ ಹೊಡದಾಗ, ಆ ಮಿಡತಿ ತಿಂದು ಸಾವಿರಗಟ್ಟಲೆ ಗಿಡುಗ ಸತ್ತಿದ್ದವು. ಅದನ್ನ ನಾನು ಓದಿದ್ದು ತಡಾ ಆಗಿ.

ಅದಕ್ಕ ಹುಡುಗರಿಗೆ ಹೇಳಿದೆ: ಇವತ್ತ ಕೋಲು ನಡ್ರಿ. ದಿನಾ ಮುಂಜಾನೆ ಒಂದೇ ಹೊತ್ತಿಗೆ, ಒಂದೇ ಕಡೆ, ಎರಡು ಹಿಡಿ ಚುರಮುರಿ. ಹಕ್ಕಿ ರೂಢಿ ಆಗಾಕ ಮೂರ್ನಾಕು ದಿನ ಬೇಕು. ಕೀಡಿ ಕಾಯಿ ಒಳಗ ತಲಿ ಹಾಕಿದ ಮ್ಯಾಲ ಹಕ್ಕಿಗೂ ಕಷ್ಟ, ಅದಕ್ಕ ಹೂವಿನಾಗ ಇದ್ದಾಗನ ಶುರು ಮಾಡಬೇಕು. ಅಮಾವಾಸಿ ದಾಟಿದ ಮ್ಯಾಲ ಗಿಡ ಎಣಿಸಿ ನೋಡರಿ. ಎಣ್ಣಿ ಹೊಡ್ಯಾಕನ ಬೇಕಂದ್ರ ಚುರಮುರಿ ನಿಲ್ಲಿಸಿ, ಕೋಲು ಕಿತ್ತು, ಆಮ್ಯಾಲ ಹೊಡೀರಿ. ನಮ್ಮ ಹೊಲದಾಗ ನಿನ್ನೆ ಹದಿನೆಂಟು ಕೋಲು ನಟ್ಟೀನಿ. ಸಂಜಿಕ ಮೂರರ ಮ್ಯಾಲ ಕಾಜಾಣ ಕುಂತಿದ್ದವು.