ನಾಟಕ ಎಷ್ಟೊತ್ತಿಗೆ ಬಿಡುತ್ತೆ?

ಕಳೆದ ವರ್ಷ ನಾನು ನೋಡಿದ ನಾಟಕಗಳು ಒಟ್ಟು ನಲವತ್ತೊಂದು. ಲೆಕ್ಕ ಇಟ್ಟಿದ್ದಾನಲ್ಲ ಅಂತ ನಗಬೇಡಿ, ಎಕ್ಸೆಲ್ ಶೀಟು ಮಾಡದಿದ್ದರೆ ನಮ್ಮಂಥ ಸಾಫ್ಟ್‌ವೇರಿನವರಿಗೆ ನಿದ್ದೆ ಬರೋದಿಲ್ಲ :-) ನಾಟಕದ ಹೆಸರು, ತಂಡ, ಜಾಗ, ಶುರುವಾದ ಹೊತ್ತು, ಮುಗಿದ ಹೊತ್ತು... ಇಷ್ಟೇ ಕಾಲಮ್ಮುಗಳು. ವರ್ಷದ ಕೊನೆಗೆ ಕೂತು ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಎರಡು ಕಾಲಮ್ಮು.

ಬೆಂಗಳೂರಿನಲ್ಲಿ ನೋಡಿದವೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚು. ರಂಗಶಂಕರದಲ್ಲಿ ಏಳೂವರೆಗೆ ಶುರು, ಒಂಬತ್ತೂಕಾಲಿಗೆ ಚಪ್ಪಾಳೆ. ಹನುಮಂತನಗರದ ಕಲಾಸೌಧದಲ್ಲೂ ಊಟದ ಹೊತ್ತಿಗೆ ಬಿಡುಗಡೆ. ಒಂದೇ ಒಂದು ಸಾಲು ಮಾತ್ರ ಬೇರೆ. ಜನವರಿಯಲ್ಲಿ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನೋಡಿದ ಕಂಪನಿ ನಾಟಕ. ರಾತ್ರಿ ಹತ್ತರ ಮೇಲೆ ಶುರುವಾಗಿದ್ದು, ನಾನು ಹೊರಗೆ ಬಂದಾಗ ಒಂದೂವರೆ. ಅಷ್ಟೊತ್ತಿಗೆ ಮುಂದಿನ ಆಟಕ್ಕೆ ಟಿಕೆಟ್ಟಿನ ಕಿಂಡಿಯ ಮುಂದೆ ಜನ ನಿಂತಿದ್ದರು!

ಇಷ್ಟು ದೊಡ್ಡ ರಾತ್ರಿ ಬೆಂಗಳೂರಿಗೆ ಬರುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆಗೆ ಇಳಿದದ್ದು ಹೇಗೆ? ಅದೇ ತಲೆಯಲ್ಲಿ ಕೂತುಬಿಟ್ಟಿತು.

ದೊಡ್ಡಾಟ, ಯಕ್ಷಗಾನಗಳದ್ದು ಮೊದಲಿನಿಂದಲೂ ಬೆಳಗಿನವರೆಗಿನ ಲೆಕ್ಕ. ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು ನಡುರಾತ್ರಿ ಎದ್ದು ಹೋಗೋದಾದರೂ ಎಲ್ಲಿಗೆ? ಬೆಳಕು ಹರಿಯಬೇಕು, ದಾರಿ ಕಾಣಬೇಕು. ಮುಂದೆ ನಮ್ಮ ಕಡೆ ಮರಾಠಿ ಕಂಪನಿಗಳು ಬಂದು ಜನರನ್ನು ಸೆಳೆಯತೊಡಗಿದಾಗ, ಕನ್ನಡದ್ದೂ ಒಂದು ಇರಲಿ ಅಂತ ಗದಗಿನಲ್ಲಿ ಶಾಂತಕವಿಗಳು ತಂಡ ಕಟ್ಟಿದರು. ಅದು 1870ರ ದಶಕ. ನಮ್ಮ ಆಧುನಿಕ ರಂಗಭೂಮಿಯ ಹುಟ್ಟಿನಲ್ಲೇ ಭಾಷೆಯ ಜಗಳ ಇತ್ತು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ಆಮೇಲೆ ಗುಬ್ಬಿ ವೀರಣ್ಣನವರ ಕಾಲ. 1930ರ ದಶಕದ ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಇದೆಲ್ಲ ಟಿಕೆಟ್ಟಿನ ದುಡ್ಡಿನಿಂದಲೇ ನಡೀಬೇಕು. ಕೊಟ್ಟ ಕಾಸಿಗೆ ಜನ ಹಾಡು, ಕಾಮಿಡಿ, ಯುದ್ಧ ಎಲ್ಲ ಕೇಳುತ್ತಿದ್ದರು. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಬೇರೆ. ನಾಟಕ ಉದ್ದ ಆಗದೆ ಇನ್ನೇನಾದೀತು?

ಇಲ್ಲೊಂದು ತಾಂತ್ರಿಕ ವಿಷಯ ಹೇಳಲೇಬೇಕು, ಇಂಜಿನಿಯರ್ ಅಲ್ಲವೇ! ಪಾರ್ಸಿ ನಾಟಕದಿಂದ ಬಂದ ಪದ್ಧತಿ ಇದು. ಅರಮನೆಯಂಥ ದೊಡ್ಡ ದೃಶ್ಯಕ್ಕೆ ಇಡೀ ರಂಗ ಬೇಕು. ಅದರ ಸಾಮಾನು ಜೋಡಿಸುವಷ್ಟು ಹೊತ್ತು ಮುಂದೆ ಒಂದು ಬೀದಿಯ ಪರದೆ ಇಳಿಬಿಟ್ಟು, ಅದರ ಎದುರು ಹಾಸ್ಯಗಾರರನ್ನು ಬಿಡೋದು. ಅಂದರೆ ಹಾಸ್ಯ ಅನ್ನೋದು ಒಂದು ಲೋಡಿಂಗ್ ಸ್ಕ್ರೀನು! ಗಿರೀಶ ಕಾರ್ನಾಡರು ಚಿಕ್ಕಂದಿನಲ್ಲಿ ಶಿರಸಿಯಲ್ಲಿ ಇಂಥ ಕಂಪನಿ ನಾಟಕ ನೋಡಿದವರು. 1964ರಲ್ಲಿ 'ತುಘಲಕ್' ಬಂದಾಗ ಅದರಲ್ಲೂ ಇದೇ ಲೆಕ್ಕಾಚಾರ, ಸುಲ್ತಾನನಿಗೆ ಹಿಂದಿನ ಆಳ, ಅಜೀಜ್-ಆಜಮ್ ಜೋಡಿಗೆ ಮುಂದಿನ ಬೀದಿ. ಮಜಾ ಏನಂದ್ರೆ ಕೊನೆಗೆ ಅಜೀಜ್ ಬೀದಿಯಲ್ಲಿ ನಿಲ್ಲೋದಿಲ್ಲ. ನೇರವಾಗಿ ಸುಲ್ತಾನನ ಎದುರಿಗೇ ಬಂದು ವಾದಕ್ಕೆ ನಿಲ್ಲುತ್ತಾನೆ. ಪರದೆ ಬಿಡೋ ಹುಡುಗರ ಅನುಕೂಲಕ್ಕೆ ಹುಟ್ಟಿದ ಒಂದು ಗೆರೆ, ಅದನ್ನು ದಾಟಿದ್ದೇ ರಾಜಕೀಯ ಆಗಿಬಿಡುತ್ತೆ. ಈಗಿನ ರಂಗದಲ್ಲಿ ಪರದೆಯೂ ಇಲ್ಲ, ಕಾಯುವ ಅಗತ್ಯವೂ ಇಲ್ಲ. ಆದರೂ ಆ ದೃಶ್ಯಗಳ ಜೋಡಣೆ ಹಾಗೇ ಉಳಿದಿದೆ, ನಮ್ಮ ಆಫೀಸಿನ ಹಳೇ ಕೋಡಿನ ಹಾಗೆ. ತೆಗೆದರೆ ಇಡೀ ನಾಟಕವೇ ಕುಸಿಯುತ್ತೆ.

ಬೆಂಗಳೂರಿನ ಹವ್ಯಾಸಿಗಳ ಕಥೆಯೇ ಬೇರೆ. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಶುರುವಾಯಿತು. ನಟರಲ್ಲಿ ಬಹಳಷ್ಟು ಮಂದಿ ಬ್ಯಾಂಕು, ಕಚೇರಿಗಳ ನೌಕರರು, ನೋಡುವವರೂ ಅವರೇ. ಮರುದಿನ ಹತ್ತಕ್ಕೆ ಕುರ್ಚಿಯಲ್ಲಿರಬೇಕು, ರಾತ್ರಿ ಕೊನೇ ಬಸ್ಸು ಸಿಗಬೇಕು. ನಾಟಕ ಚಿಕ್ಕದಾಗಿದ್ದಕ್ಕೆ ಪಾಶ್ಚಾತ್ಯ ಪ್ರಭಾವ, ಹೊಸ ಸಂವೇದನೆ ಅಂತೆಲ್ಲ ವಿಮರ್ಶಕರು ಬರೀತಾರೆ. ಇರಬಹುದು. ಆದರೆ ಆ ಕೊನೇ ಬಸ್ಸಿಗೂ ಒಂದು ಪ್ಯಾರಾ ಸಲ್ಲಬೇಕು ಅಂತ ನನ್ನ ವಾದ. ಹಾಗಂತ ಆ ಕಾಲವನ್ನು ನಾನೇನೂ ಕಡಿಮೆ ಮಾಡ್ತಿಲ್ಲ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಆಡಿಸಿದ್ದನ್ನು ನೋಡಿದ ಹಿರಿಯರು ಸಿಕ್ಕರೆ ನನಗೆ ಹೊಟ್ಟೆಕಿಚ್ಚೇ ಆಗುತ್ತೆ. 2004ರಲ್ಲಿ ರಂಗಶಂಕರ ಬಂತು, ತಡವಾಗಿ ಬಂದವರಿಗೆ ಬಾಗಿಲಿಲ್ಲ ಅನ್ನೋ ಶಿಸ್ತೂ ಬಂತು. ಆ ಶಿಸ್ತು ನನಗಿಷ್ಟ. ರಿಂಗ್ ರೋಡಿನಿಂದ ಜೆ.ಪಿ. ನಗರಕ್ಕೆ ಏಳೂವರೆಯೊಳಗೆ ತಲುಪೋದು ಮಾತ್ರ ಯಾವ ಅಲ್ಗಾರಿದಮ್ಮಿಗೂ ಬಗೆಹರಿಯದ ಸಮಸ್ಯೆ.

ಹಾಗಂತ ಪೇಟೆಯವರಿಗೆ ಇಡೀ ರಾತ್ರಿ ಕೂರುವ ತಾಳ್ಮೆ ಇಲ್ಲ ಅನ್ನೋ ಹಾಗೂ ಇಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣಕ್ಕೆ 2010ರಲ್ಲಿ ಮಾಡಿಸಿದರು, ಒಂಬತ್ತು ಗಂಟೆಯ ನಾಟಕ. 2013ರಲ್ಲಿ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಜನ ಕಂಬಳಿ ಹೊದ್ದುಕೊಂಡು ಬೆಳಗಾಗುವವರೆಗೆ ಕೂತರು. ನಾನಾಗ ಶಾಲೆಯಲ್ಲಿದ್ದೆ, ಛೇ.

ಬನಶಂಕರಿಯಲ್ಲಿ ನನ್ನ ಪಕ್ಕ ಕೂತಿದ್ದವರು ನಮ್ಮ ಸೋದರಮಾವ. ವಿರಾಮದಲ್ಲಿ ನಾನು ಗಡಿಯಾರ ನೋಡಿದ್ದು ಕಂಡು, "ಯಾಕೋ, ಎದ್ದು ಹೊಂಟಿ ಏನ? ಇನ್ನೂ ಅರ್ಧ ನಾಟಕ ಐತಿ" ಅಂದರು. ಇಲ್ಲ ಮಾವಾ ಅಂದೆ. ಈ ಕಂಪನಿಗಳಿಗೆ ಜಾತ್ರೆಯ ತಿಂಗಳೇ ವರ್ಷದ ಸುಗ್ಗಿ. ಕೊರೊನಾ ಕಾಲದಲ್ಲಿ ಜಾತ್ರೆ ನಿಂತಾಗ ತಗಡಿನ ಥಿಯೇಟರೂ ಇಲ್ಲ, ಪಗಾರವೂ ಇಲ್ಲ. ನಾಟಕಗಳ ಹೆಸರು ಕೇಳಿದರೆ ನಮ್ಮ ರಂಗಶಂಕರದ ಗೆಳೆಯರು ಮೂಗು ಮುರೀತಾರೆ. ಡಬಲ್ ಮೀನಿಂಗ್ ಜಾಸ್ತಿ, ನಿಜ, ಕೆಲವು ಮಾತಿಗೆ ನನಗೂ ಮುಜುಗರ ಆಯ್ತು. ಆದರೆ ಹಿಂದಿನ ಸಾಲಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಅಷ್ಟೂ ಹೆಂಗಸರು ನಾನು ನೋಡಿದ ಉಳಿದ ನಲವತ್ತು ನಾಟಕಗಳಲ್ಲಿ ಎಲ್ಲೂ ಇರಲಿಲ್ಲ.

ಹೊರಗೆ ಬಂದಾಗ ಚಳಿ. ಪರದೆಯ ಹಿಂದೆ ನಾಯಕಿಯ ಪಾತ್ರದಾಕೆ ಶಾಲು ಸುತ್ತಿಕೊಂಡು ಸ್ಟೂಲಿನ ಮೇಲೆ ಚಾ ಕುಡೀತಾ ಕೂತಿದ್ದರು, ಬಣ್ಣ ತೆಗೆದಿರಲಿಲ್ಲ. ಇನ್ನೊಂದು ಆಟ ಬಾಕಿ ಇತ್ತಲ್ಲ. ನಾವು ಬಸ್ ಸ್ಟ್ಯಾಂಡಿಗೆ ನಡೆಯೋ ಹೊತ್ತಿಗೆ ಹಿಂದಿನಿಂದ ಮತ್ತೆ ಹಾರ್ಮೋನಿಯಂ ಶುರುವಾಯಿತು.