ವಜ್ರಲೇಪ: ಹೆಸರು ಮತ್ತು ವಸ್ತು

ಪ್ರಾಚೀನ ಭಾರತದ ಅಂಟುಗಳನ್ನು ಕುರಿತು ಬರೆಯುವವರು ‘ವಜ್ರಲೇಪ’ವನ್ನು ಒಂದೇ ವಸ್ತುವೆಂದು ಭಾವಿಸುವುದುಂಟು. ಆಕರಗ್ರಂಥಗಳು ಇದಕ್ಕೆ ಎಡೆಗೊಡುವುದಿಲ್ಲ.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಇಂಥ ಲೇಪಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಳೆಯ ಬೇಲದ ಕಾಯಿ, ತಿಂದುಕದ ಕಾಯಿ, ಬೂರುಗದ ಹೂ, ಬಜೆ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟರಲ್ಲೊಂದು ಪಾಲಿಗೆ ಇಳಿಸಿ, ಗುಗ್ಗುಳ, ರಾಳ, ಅಗಸೆ, ಬಿಲ್ವ ಮುಂತಾದುವುಗಳ ಕಲ್ಕವನ್ನು ಸೇರಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕು. ಅದು ಕೋಟಿ ವರ್ಷ ನಿಲ್ಲುವುದೆಂಬ ಮಾತನ್ನು ನಾವು ಪ್ರಶಂಸೆಯೆಂದಷ್ಟೇ ಗ್ರಹಿಸಬೇಕು. ಕೊಂಬು, ಚರ್ಮಗಳಿಂದ ಮಾಡುವ ಲೇಪಕ್ಕೆ ಅವನು ಹೇಳುವ ಹೆಸರೇ ಬೇರೆ: ವಜ್ರತಲ.

12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ಕ್ಕೆ ಬಂದಾಗ ಹೆಸರು ಸ್ಥಳಾಂತರಗೊಂಡಿದೆ. ಅಲ್ಲಿ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿದುದೇ ವಜ್ರಲೇಪ. ಅದನ್ನು ನೀರಿನಲ್ಲಿ ಕಾಯಿಸಿ ಕರಗಿಸಿ, ಚಿತ್ರ ಬರೆಯುವ ಗೋಡೆಯ ಬಿಳಿಮಣ್ಣಿಗೆ ಬೆರೆಸಬೇಕು. ತಮಿಳಿನಲ್ಲಿ ಬಡಗಿಯ ಅಂಟನ್ನು ‘ವಜ್ಜಿರಂ’ ಎನ್ನುವುದು ಈ ಎರಡನೆಯ ಅರ್ಥದ ಮುಂದುವರಿಕೆಯೆಂದು ನಮಗೆ ತೋರುತ್ತದೆ.

ಈ ಭೇದವು ಕೇವಲ ಶಬ್ದದ್ದಲ್ಲ. ತೊಗಲಿನ ಅಂಟು ಬಿಸಿನೀರಿಗೆ ಬಿಡುತ್ತದೆ. ಮನೆಯ ಮಣೆ, ಪೀಠಗಳ ಅಲುಗುವ ಕಾಲನ್ನು ಬಿಚ್ಚಿ ಮತ್ತೆ ಕೂಡಿಸಲು ಇದೇ ಅನುಕೂಲವಾದುದು. ಆದರೆ ಮಳೆಗೆ ಒಡ್ಡಿದ ಕಲ್ಲಿಗೆ ನೀರಿನಲ್ಲಿ ಕರಗದ ರಾಳವೇ ತಕ್ಕುದು. ವರಾಹಮಿಹಿರನು ಬಾವಿಗೆ ವಿಧಿಸಿದ ವಜ್ರಲೇಪವನ್ನು ತೊಗಲಂಟೆಂದು ಅನುವಾದಿಸಿದರೆ, ಆ ಲೇಪವು ಮೊದಲ ಮಳೆಗಾಲವನ್ನೂ ದಾಟಲಾರದು.